ಅಕ್ಕನ ಇನ್ನೊಬ್ಬ ಕಿಟ್ಟಿ

ನನ್ನ ಅಕ್ಕನನ್ನು ಅವಳ ಕೊನೆಯ ವರ್ಷಗಳಲ್ಲಿ ನೋಡಿಕೊಂಡವರ ಬಗ್ಗೆ ಒಳ್ಳೆಯ ಮಾತು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಮೊದಲು ಮೇಲೆದ್ದು ಬರುವುದು ಕೃತಜ್ಞತೆಯಲ್ಲ, ಹೊಟ್ಟೆಕಿಚ್ಚು. ಅದನ್ನು ಪಕ್ಕಕ್ಕೆ ಸರಿಸಿ ಬರೆದರೆ ಬರೆದದ್ದೆಲ್ಲ ಸನ್ಮಾನಪತ್ರದ ಹಾಗೆ ಕಾಣುತ್ತದೆ. ಹಾಗಾಗಿ ಈ ಸಲ ಹೊಟ್ಟೆಕಿಚ್ಚಿನಿಂದಲೇ ಶುರು ಮಾಡುತ್ತಿದ್ದೇನೆ. ಮನೆಯವರೊಬ್ಬರಿಗೆ ಮರೆವಿನ ಕಾಯಿಲೆ ಬಂದು, ಅವರನ್ನು ಬೇರೆಯವರ ಕೈಗೆ ಒಪ್ಪಿಸಿ ಬಸ್ಸು ಹತ್ತಿದವರಿಗೆಲ್ಲ ಇದು ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಮ್ಮದು ಅರಕಲಗೂಡು. ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಮದುವೆ, ತಿಥಿ, ಗೃಹಪ್ರವೇಶ ಎಂದು ಕೊಣನೂರು ಕಡೆಯ ಹಳ್ಳಿಗಳಲ್ಲೇ ಹೆಚ್ಚು ಇರುತ್ತಿದ್ದರು. ಅಮ್ಮ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ಶಾರದಕ್ಕನಿಗೆ ಹನ್ನೊಂದು ವರ್ಷ. ಅಮ್ಮ ಎನ್ನುವ ಜಾಗದಲ್ಲಿ ನನಗೆ ಕಾಣುವುದು ಲಂಗ ಎತ್ತಿ ಕಟ್ಟಿಕೊಂಡು ಒಲೆ ಊದುತ್ತಿರುವ ಒಬ್ಬ ಹುಡುಗಿ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅವಳು ಶಾಲೆಗೆ ಹೋದಳು. ಮೇಷ್ಟ್ರು ಬೈದರೆ ಜಗಲಿಯಲ್ಲಿ ಕೂರಿಸಿ, ಕಿಟಕಿಯಿಂದ ನನಗೆ ಕಾಣುವ ಹಾಗೆ ಕೂತು ಪಾಠ ಕೇಳಿದಳು. ಆಮೇಲೆ ಹೊಲಿಗೆ ಕಲಿತು ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಆದಳು. ನನ್ನ ಹೆಸರು ಕೃಷ್ಣಮೂರ್ತಿ. ಕಿಟ್ಟಿ ಎಂದು ಕರೆದವಳು ಅವಳೊಬ್ಬಳೇ. ಅವಳು ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನಾನು ಹೊಳೆನರಸೀಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಅಕ್ಕ ರಿಟೈರ್ ಆದ ಮೇಲೆ ನಮ್ಮ ಜೊತೆಗೇ ಬಂದಳು. ನನಗೂ ಹೆಂಡತಿ ವಿಮಲಳಿಗೂ ಮಕ್ಕಳಿಲ್ಲ. ಮನೆಯಲ್ಲಿ ಮೂರೇ ಜನ. ಊಟಕ್ಕೆ ಕೂತರೆ ಅಕ್ಕ ಆಗಲೂ ನನ್ನ ತಟ್ಟೆಗೆ ತುಪ್ಪ ತಾನೇ ಬಡಿಸಬೇಕು. ವಿಮಲ ಬಡಿಸಿದ್ದರೆ ಅದರ ಮೇಲೆ ಇನ್ನೊಂದು ಚಮಚ. ವಿಮಲ ನನ್ನನ್ನು ನೋಡುವಳು, ನಾನು ತಟ್ಟೆ ನೋಡುವೆ. ಹೀಗೆ ನಡೆದುಕೊಂಡು ಹೋಗುತ್ತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಕ್ಕ ವಿಮಲಳಿಗೆ ಬ್ಲೌಸು ಹೊಲಿಯಲು ಕೂತಳು. ಬಟ್ಟೆಯನ್ನೆಲ್ಲ ಕತ್ತರಿಸಿ ನೋಡಿದರೆ ಎರಡೂ ಬೆನ್ನಿನ ಭಾಗ. ಮುಂದಿನದು ಇಲ್ಲವೇ ಇಲ್ಲ. ಮೂವತ್ತು ವರ್ಷ ಹುಡುಗಿಯರಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದವಳು ಆ ಎರಡು ತುಂಡುಗಳನ್ನು ಮಂಡಿಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ "ಬಟ್ಟೆ ಅಂಗಡಿಯವನು ಮೋಸ ಮಾಡಿದಾನೆ ಕಣೋ" ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ಸಾರಿಗೆ ಉಪ್ಪು ಎರಡು ಸಲ ಬಿತ್ತು. ಹಾಲು ಉಕ್ಕಿ ಗ್ಯಾಸು ಆರಿ ಮನೆಯೆಲ್ಲ ವಾಸನೆ ತುಂಬಿತು. ನೆಂಟರ ಮನೆಯ ಮದುವೆಯಲ್ಲಿ ಮದುಮಗಳು ಯಾರೆಂದು ಅವಳು ನಾಲ್ಕು ಸಲ ಕೇಳಿದಾಗ ಇನ್ನು ತಡಮಾಡುವುದು ಬೇಡ ಎಂದು ಹಾಸನಕ್ಕೆ ಕರೆದುಕೊಂಡು ಹೋದೆವು.

ಡಾಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ನಮ್ಮಂಥವರೇ ಕೂತಿದ್ದರು. ಯಾರ ಮುಖ ನೋಡಿದರೂ ರೋಗಿ ಯಾರು, ಜೊತೆಗೆ ಬಂದವರು ಯಾರು ಎಂದು ಗೊತ್ತಾಗುತ್ತಿತ್ತು: ಜೊತೆಗೆ ಬಂದವರು ಸುಸ್ತಾಗಿದ್ದರು. ಅಕ್ಕ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ಮನೆಗೆ ಅರಿಶಿನ ಕುಂಕುಮಕ್ಕೆ ಬಂದ ಹಾಗೆ ಕೂತಿದ್ದಳು.

ಒಳಗೆ ಡಾಕ್ಟರು ಕೇಳಿದರು. "ಈಗ ಯಾವ ವರ್ಷ ನಡೀತಿದೆ ಅಮ್ಮ?"

"ಗೋಡೆ ಮೇಲೆ ಕ್ಯಾಲೆಂಡರ್ ಹಾಕ್ಕೊಂಡಿದೀರಲ್ಲ, ನೋಡ್ಕೊಳ್ಳಿ."

ಡಾಕ್ಟರು ನಕ್ಕು ವಿಮಲಳನ್ನು ತೋರಿಸಿದರು. "ಇವರು ಯಾರು?"

ಅಕ್ಕ ಬಹಳ ಹೊತ್ತು ನೋಡಿದಳು. "ತುಂಬ ಒಳ್ಳೇ ಹೆಂಗಸು. ನಮ್ಮನೇಲೇ ಇರ್ತಾರೆ."

"ಇವರು?"

"ಚೆನ್ನಾಗಿ ಕೇಳಿದ್ರಿ! ಇವನು ನಮ್ಮ ಕಿಟ್ಟಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ, ನಿಮ್ಮದು ಬೇಗ ಮುಗಿಸಿದ್ರೆ ಏನಾದ್ರೂ ತಿನ್ನಿಸ್ಕೊಂಡು ಹೋಗ್ತೀನಿ."

ಇದು ವಾಸಿಯಾಗುವ ಕಾಯಿಲೆ ಅಲ್ಲ, ಮುಂದೆ ಮುಂದೆ ಹೆಚ್ಚಾಗುತ್ತದೆ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಬಸ್ಸಿನಲ್ಲಿ ವಿಮಲ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದವಳು, "ತುಂಬ ಒಳ್ಳೇ ಹೆಂಗಸು" ಆಗಿಬಿಟ್ಟಿದ್ದಳು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ವರ್ಷ ಮರೆತಳು, ಊರು ಮರೆತಳು, ವಿಮಲಳನ್ನು ಮರೆತಳು, ನನ್ನನ್ನು ಮರೆಯಲಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಮುಂದಿನ ವರ್ಷಗಳನ್ನು ಬಿಡಿಸಿ ಹೇಳುವುದಿಲ್ಲ, ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನವಾದರೆ ಅಕ್ಕ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದಳು, ಕಿಟ್ಟಿಯನ್ನು ಸ್ಕೂಲಿನಿಂದ ಕರೆದುಕೊಂಡು ಬರಲು. ಗುರುತಿನ ಕಂಡಕ್ಟರುಗಳು ಕೂರಿಸಿಕೊಂಡು ನನಗೆ ಹೇಳಿಕಳಿಸುತ್ತಿದ್ದರು. ಒಂದು ದಿನ ಯಾರ ಕಣ್ಣಿಗೂ ಬೀಳದೆ ಅರಕಲಗೂಡು ಸೇರಿ, ಶಾಲೆಯ ಗೇಟಿನ ಮುಂದೆ ನಿಂತಿದ್ದಳು. ನಾನು ಓಡಿಹೋಗಿ ಕೈ ಹಿಡಿದರೆ, "ಎಷ್ಟೊತ್ತೋ ಬರೋದು? ಕಾಲು ನೋಯ್ತಿದೆ" ಎಂದು ಬೈದಳು. ಆಗಲೂ ಖುಷಿಯಾಯಿತು. ಆದರೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಎಬ್ಬಿಸುವುದು ಎಲ್ಲ ವಿಮಲಳ ಪಾಲಿಗೆ. ಗುರುತಿಲ್ಲದ ಹೆಂಗಸು ಸೀರೆ ಬಿಚ್ಚಲು ಬಂದರೆ ಯಾರು ಸುಮ್ಮನಿರುತ್ತಾರೆ? ಅಕ್ಕ ಚೊಂಬು ಬೀಸಿದಳು. ವಿಮಲಳ ಮಣಿಕಟ್ಟು ಊದಿಕೊಂಡಿತು.

ಅವಳು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾ ಹೇಳಿದಳು. "ನಿಮ್ಮನ್ನ ಕಂಡ್ರೆ ಕಿಟ್ಟಿ ಅಂತಾರೆ, ನೀವು ಕರಗಿಹೋಗ್ತೀರಿ. ನನಗೆ ಏನು ಸಿಗುತ್ತೆ ಹೇಳಿ? ನಾನೂ ಮನುಷ್ಯಳೇ."

ಹಾಸನದ ಹೊರವಲಯದಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆಯೊಂದಿದೆ ಎಂದು ಡಾಕ್ಟರೇ ತಿಳಿಸಿದರು. ನೆಂಟರು ಆಡಿಕೊಂಡರು. "ಸಾಕಿದ ಅಕ್ಕನ್ನ ತಗೊಂಡುಹೋಗಿ ಬಿಟ್ಟುಬಂದ" ಎನ್ನುವ ಮಾತು ಚನ್ನರಾಯಪಟ್ಟಣದವರೆಗೂ ಹೋಗಿ ಅಲ್ಲಿಂದ ತಿರುಗಿ ನನ್ನ ಕಿವಿಗೆ ಬಂತು.

ಹಳೆಯ ಬಾಡಿಗೆ ಬಂಗಲೆ. ಕೆಂಪು ಗಾರೆಯ ನೆಲ. ಮನೆಯ ಸುತ್ತ ಎಲ್ಲೂ ಕಡಿಯದ ಜಗಲಿ, ನಡೆಯಬೇಕೆನ್ನುವವರು ಸುತ್ತಿ ಸುತ್ತಿ ನಡೆಯಲಿ ಎಂದು. ಹತ್ತು ಹನ್ನೆರಡು ಜನರಿದ್ದರು. ನಡೆಸುತ್ತಿದ್ದವರು ರೇವತಿ ಮೇಡಂ, ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಬಿಟ್ಟುಬಂದವರು. ಗದ್ದಲವಿಲ್ಲದ ಹೆಂಗಸು. ಅಕ್ಕನ ಬಗ್ಗೆ ಏನೇನು ಇಷ್ಟ, ಏನು ಕಂಡರೆ ಹೆದರಿಕೆ ಎಂದೆಲ್ಲ ಕೇಳಿದ ಮೇಲೆ, "ಸ್ವಲ್ಪ ದಿನ ನೀವು ಬರಬೇಡಿ ಸಾರ್. ಅವರಿಗೆ ಈ ಮನೆ ಅಭ್ಯಾಸ ಆಗಲಿ" ಎಂದರು. ನಾವು ಹೊರಟಾಗ ಅಕ್ಕ ಗೇಟಿನವರೆಗೆ ಬಂದು ಕೇಳಿದಳು, "ಕಿಟ್ಟಿ ಊಟ ಮಾಡ್ತಾನಾ?"

ನಮಗೆ ಬರಲು ಹೇಳಿದ ದಿನ ವಿಮಲಳೂ ನಾನೂ ಕಾಯಿಹೋಳಿಗೆ ಕಟ್ಟಿಸಿಕೊಂಡು ಹೋದೆವು. ಬಡವಾಗಿ, ಅಳುತ್ತಾ, ನಮ್ಮ ದಾರಿ ಕಾಯುತ್ತಿರುವ ಅಕ್ಕನನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಅಕ್ಕ ಎಳೆಬಿಸಿಲಿನಲ್ಲಿ ಕೂತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಅವಳ ಮುಂದೆ ಸುಶೀಲ ಎಂಬ ಕೆಲಸದ ಹೆಂಗಸು ನೆಲದ ಮೇಲೆ ಕೂತು ತನ್ನ ತಲೆಯನ್ನು ಅಕ್ಕನ ಕೈಲಿ ಬಾಚಿಸಿಕೊಳ್ಳುತ್ತಿದ್ದಳು. ಅದು ಮುಗಿದ ಮೇಲೆ ಇಬ್ಬರೂ ಜಾಗ ಬದಲಿಸಿದರು. ಅಕ್ಕ ಮಾತಿಲ್ಲದೆ ತಲೆ ಒಪ್ಪಿಸಿದಳು. ನಮ್ಮ ಮನೆಯಲ್ಲಿ ಬಾಚಣಿಗೆ ಕಂಡರೆ ಕಿರುಚುತ್ತಿದ್ದ ತಲೆ ಅದು.

ಒಳ್ಳೆಯದೇ ಆಯಿತಲ್ಲ ಎಂದು ಹೇಳಬೇಕಿತ್ತು. ಬಸ್‌ಸ್ಟಾಪಿನಲ್ಲಿ ವಿಮಲ ಅತ್ತಳು. "ನನ್ನ ಕೈಲಿ ಆಗದ್ದು ಅವಳ ಕೈಲಿ ಹೇಗಾಯ್ತು?" ಎಂದಳು. ಸಮಾಧಾನ ಮಾಡಿದೆ. ಅವಳ ಹೊಟ್ಟೆಕಿಚ್ಚು ನನಗೆ ಆಗ ಸಣ್ಣದೆನಿಸಿತ್ತು. ನನ್ನ ಸರದಿ ಇನ್ನೂ ಬಂದಿರಲಿಲ್ಲ.

ಬಂದದ್ದು ಕೆಲವು ತಿಂಗಳ ಮೇಲೆ. ಆ ಭಾನುವಾರ ನಾನೊಬ್ಬನೇ ಹೋಗಿದ್ದೆ. ಊಟದ ಹೊತ್ತು. ಅಕ್ಕ ಬೆನ್ನು ಮಾಡಿ ಕೂತಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ಅವಳ ಧ್ವನಿ ಕೇಳಿತು.

"ಕಿಟ್ಟಿ, ಮೆಲ್ಲಗೆ ತಿನ್ನೋ. ಯಾರೂ ಕಿತ್ಕೊಳ್ಳಲ್ಲ."

"ಏನಕ್ಕಾ?" ಎಂದೆ.

ಅವಳು ತಿರುಗಲಿಲ್ಲ. ಅವಳ ಪಕ್ಕದಲ್ಲಿ ಆರಡಿ ಎತ್ತರದ, ದೊಡ್ಡ ಬಿಳಿ ಮೀಸೆಯ ಮುದುಕ ಕೂತಿದ್ದ. ವಯಸ್ಸಿನಲ್ಲಿ ಅಕ್ಕನಿಗಿಂತಲೂ ಹಿರಿಯ. ಮೀಸೆಗೆ ಮೊಸರನ್ನ ಮೆತ್ತಿಕೊಂಡಿತ್ತು. ಅಕ್ಕ ಸೆರಗಿನ ತುದಿಯಲ್ಲಿ ಅದನ್ನು ಒರೆಸಿ, ಅವಳದೇ ತಟ್ಟೆಯಿಂದ ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟಳು. ಆತ ಕಣ್ಣು ಮುಚ್ಚಿಕೊಂಡು ಅಗಿದ.

ನಾನು ಎದುರಿಗೆ ಹೋಗಿ ನಿಂತೆ. "ಅಕ್ಕಾ, ನಾನು."

ಅಕ್ಕ ತಲೆ ಎತ್ತಿ ಮರ್ಯಾದೆಯಿಂದ ನೋಡಿದಳು. "ಬನ್ನಿ, ಕೂತ್ಕೊಳ್ಳಿ. ಯಾವೂರಾಯ್ತು ತಮ್ಮದು?"

ಆಮೇಲೆ ಎಷ್ಟು ಹೊತ್ತು ಅಲ್ಲಿದ್ದೆನೋ ನೆನಪಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ಒಂದಲ್ಲ ಒಂದು ದಿನ ನಿಮ್ಮನ್ನೂ ಮರೆಯುತ್ತಾರೆ ಎಂದು. ಮರೆತಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿಟ್ಟಿ ಇದ್ದ. ನಾನು ಅವನಾಗಿರಲಿಲ್ಲ. ನನ್ನ ಹೆಸರು, ನನ್ನ ಜಾಗ, ನನ್ನ ತುತ್ತು ಎಲ್ಲವನ್ನೂ ಇನ್ನೊಬ್ಬನಿಗೆ ಕೊಟ್ಟುಬಿಟ್ಟಿದ್ದಳು.

ಆತ ಸಣ್ಣೇಗೌಡರು, ಹಳ್ಳಿಮೈಸೂರು ಕಡೆಯವರು, ಆ ತಿಂಗಳಷ್ಟೇ ಬಂದು ಸೇರಿದ್ದರು ಎಂದು ರೇವತಿ ಮೇಡಂ ಹೇಳಿದರು. ನಾನು ಅವರ ಹತ್ತಿರ ಮಡಿಯ ವಿಷಯ ತೆಗೆದೆ. ನಮ್ಮದು ಪುರೋಹಿತರ ಮನೆ, ಅಕ್ಕ ಜೀವಮಾನವೆಲ್ಲ ಎಂಜಲು ಮುಸುರೆ ನೋಡಿದವಳು, ಒಂದೇ ತಟ್ಟೆಯಲ್ಲಿ ಬೇರೆಯವರ ಜೊತೆ ತಿನ್ನುವುದು ಎಂದರೇನು ಎಂದೆಲ್ಲ ಹೇಳಿದೆ. ನಾನು ದಿನಾ ಹೋಟೆಲಿನಲ್ಲಿ ಯಾರು ಯಾರ ಪಕ್ಕದಲ್ಲೋ ಕೂತು ದೋಸೆ ತಿನ್ನುವವನು. ಹೇಳುತ್ತಿರುವಾಗಲೇ ಅದು ನೆಪ ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಗಿರಬೇಕು.

"ಅವರನ್ನ ಅಲ್ಲಿ ನಾವು ಕೂರಿಸಿಲ್ಲ ಸಾರ್," ಎಂದರು. "ನಿಮ್ಮಕ್ಕನೇ ಕೈ ಹಿಡಿದು ಕರ್ಕೊಂಡುಹೋಗಿ ಕೂರಿಸ್ಕೊಂಡ್ರು. ಗೌಡ್ರು ಬಂದ ಮೊದಲ ವಾರ ಯಾರು ಕೊಟ್ರೂ ಊಟ ಮುಟ್ತಿರಲಿಲ್ಲ. ನಿಮ್ಮಕ್ಕ ಸರಿಯಾಗಿ ನಿದ್ದೆ ಮಾಡ್ತಿರಲಿಲ್ಲ, ಮಗು ಎಲ್ಲಿ ಅಂತ ಹುಡುಕ್ತಿದ್ರು. ಈಗ ಇಬ್ಬರೂ ಸರಿ ಇದಾರೆ."

"ನಿಜವಾದ ಕಿಟ್ಟಿ ನಾನು ಮೇಡಂ."

"ಹೌದು ಸಾರ್," ಎಂದರು ಅವರು. ಅಷ್ಟೇ. ಅದಕ್ಕೆ ಬೇರೆ ಏನು ತಾನೆ ಹೇಳಲಾದೀತು?

ಐವತ್ತೇಳು ವರ್ಷದ ಗಂಡಸು ನಾನು, ಏನೇನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಮೀಸೆ ಬೋಳಿಸಿಕೊಂಡು ಹೋದೆ, ಚಿಕ್ಕಂದಿನ ಮುಖ ಕಾಣಲಿ ಎಂದು. ವಿಮಲ ಬಾಗಿಲಲ್ಲಿ ನಿಂತು ನಗು ತಡೆದುಕೊಂಡು ಕಳಿಸಿದಳು. ಅಕ್ಕನಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಅವಳು ಹೇಳಿಕೊಟ್ಟ ಮಗ್ಗಿಯನ್ನು ಅವಳ ಕಿವಿಗೆ ಬೀಳುವಂತೆ ಹೇಳಿದೆ. "ಚೆನ್ನಾಗಿ ಹೇಳ್ತಾರೆ ನೋಡೋ, ನೀನೂ ಕಲಿ" ಎಂದು ಅವಳು ಗೌಡರ ಬೆನ್ನಿಗೆ ಗುದ್ದಿದಳು. ಒಂದು ಸಲ ಗೌಡರು ಎದ್ದುಹೋದಾಗ ಅವರ ಜಾಗದಲ್ಲಿ ನಾನೇ ಹೋಗಿ ಕೂತುಬಿಟ್ಟೆ. "ಏನ್ರೀ, ಇಷ್ಟು ದೊಡ್ಡೋರಾಗಿ ಮಗು ಜಾಗದಲ್ಲಿ ಕೂತ್ಕೋತೀರಲ್ಲ" ಎಂದು ಎಬ್ಬಿಸಿದಳು. ಕೊನೆಗೆ ನನ್ನ ಹಳೆಯ ಫೋಟೋ ತೆಗೆದುಕೊಂಡು ಹೋದೆ. ಸ್ಟುಡಿಯೋದಲ್ಲಿ ತೆಗೆಸಿದ್ದು, ನಾನು ಸ್ಟೂಲಿನ ಮೇಲೆ, ಅಕ್ಕ ಪಕ್ಕದಲ್ಲಿ. ಅಕ್ಕ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅವಳ ಮುಖ ಅರಳಿತು. ನಾನು ಕುರ್ಚಿಯ ತುದಿಗೆ ಸರಿದೆ. ಅವಳು ಫೋಟೋವನ್ನು ಗೌಡರ ಕಡೆ ತಿರುಗಿಸಿದಳು.

"ನೋಡೋ ಕಿಟ್ಟಿ, ನಿನ್ನ ಫೋಟೋ. ಆವತ್ತು ಎಷ್ಟು ಹಟ ಮಾಡಿದ್ದೆ!"

ಗೌಡರು ಗಂಭೀರವಾಗಿ ನೋಡಿ ತಲೆಯಾಡಿಸಿದರು. "ಊಂ ಅಕ್ಕಾ."

ಹೊರಗಿನ ಕಲ್ಲುಬೆಂಚಿನ ಮೇಲೆ ಗೌಡರ ಹೆಂಡತಿ ನಂಜಮ್ಮ ಕೂತಿದ್ದರು. ಅವರೂ ಭಾನುವಾರಗಳಲ್ಲಿ ಬರುತ್ತಿದ್ದರು, ಡಬ್ಬಿಯಲ್ಲಿ ಮುದ್ದೆ, ಬಸ್ಸಾರು ಕಟ್ಟಿಕೊಂಡು. ಅಲ್ಲಿಯವರೆಗೆ ಆಕೆಯನ್ನು ನಾನು ಮಾತಾಡಿಸಿರಲಿಲ್ಲ. ಆ ಡಬ್ಬಿ ಅವತ್ತೂ ಮುಚ್ಚಿದಂತೆಯೇ ಇತ್ತು.

"ತಿನ್ನಲಿಲ್ವೆ?" ಎಂದೆ.

"ಎಲ್ಲಿ ತಿಂತಾರೆ ಸಾ. ನಾನು ಬಾಯ್ಗಿಟ್ರೆ ಉಗಿತಾರೆ." ಅವರು ಒಳಗೆ ಕೈ ತೋರಿಸಿದರು. "ಐವತ್ತೊರ್ಸ ಬಾಳಾಟ ಮಾಡಿವ್ನಿ. ಒಂದಿನ ನಾನೇಳಿದ ಮಾತು ಕೇಳ್ನಿಲ್ಲ ಈ ಯಪ್ಪ. ಕುಂತ್ಕ ಅಂದ್ರೆ ನಿಂತ್ಕಳರು. ಈಗ ನಿಮ್ಮಕ್ಕಾರು ಬಾಯ್ ತಗಿ ಅಂದ್ರೆ ತಗೀತಾರೆ, ಮುಚ್ಚು ಅಂದ್ರೆ ಮುಚ್ತಾರೆ. ನಂಗೆ ಒಟ್ಟೆ ಉರಿಯಾಕಿಲ್ವ ನೀವೇ ಏಳಿ?"

"ಉರಿಯುತ್ತೆ," ಎಂದೆ.

"ನಿಮ್ಗೂವಾ?"

"ನನಗೂ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಜೋರಾಗಿ ನಕ್ಕುಬಿಟ್ಟರು. "ಸರೋಯ್ತು ಬುಡಿ. ತಗಳಿ, ಬಸ್ಸಾರು ತಣ್ಗಾಯ್ತದೆ." ಮಡಿಯ ಬಗ್ಗೆ ಭಾಷಣ ಮಾಡಿದ್ದ ನಾನು ಆ ಬೆಂಚಿನ ಮೇಲೆ ಕೂತು ಅವರ ಡಬ್ಬಿಯ ಮುದ್ದೆ ತಿಂದೆ. ಅಲ್ಲಿಂದ ಮುಂದೆ ಭಾನುವಾರಗಳು ಸ್ವಲ್ಪ ಸುಲಭವಾದವು. ನಮ್ಮ ಹೊಟ್ಟೆಯುರಿ ಕಡಿಮೆಯಾಗಿರಲಿಲ್ಲ. ಹಂಚಿಕೊಳ್ಳಲು ಜನ ಸಿಕ್ಕಿದ್ದರು, ಅಷ್ಟೆ.

ಆದರೂ ನಾನು ಸೋಲು ಒಪ್ಪಿರಲಿಲ್ಲ. ಗೌರಿ ಹಬ್ಬ ಬಂತು. ಪ್ರತಿ ವರ್ಷ ಆ ದಿನ ನಾನು ಅಕ್ಕನಿಗೆ ಸೀರೆ ಕೊಟ್ಟು ಕಾಲಿಗೆ ಬೀಳುವ ರೂಢಿ. ಈ ಸಲ ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದೆ. ಗೌಡರ ಮೀಸೆ ಕಣ್ಣಿಗೆ ಬೀಳದಿದ್ದರೆ, ನಮ್ಮ ನಡುಮನೆಯಲ್ಲಿ ನನ್ನನ್ನು ನೋಡಿದರೆ, ನೆನಪಾಗದೇ ಇರುತ್ತದೆಯೇ? ರೇವತಿ ಮೇಡಂ ಬೇಡವೆನ್ನಲಿಲ್ಲ. "ಏನಾದ್ರೂ ತೊಂದರೆ ಆದ್ರೆ ಎಷ್ಟು ಹೊತ್ತಿಗಾದ್ರೂ ಸರಿ, ವಾಪಸ್ ಕರ್ಕೊಂಡು ಬನ್ನಿ" ಎಂದು ಮಾತ್ರ ಹೇಳಿದರು.

ಬಾಡಿಗೆ ಕಾರಿನಲ್ಲಿ ಅಕ್ಕ ಚೆನ್ನಾಗಿಯೇ ಇದ್ದಳು. ನಮ್ಮ ಹೊಸ್ತಿಲು ದಾಟಿದ್ದೇ ಅವಳ ಮುಖ ಬದಲಾಯಿತು. ವಿಮಲ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರೆ ಹಿಂದೆ ಸರಿದಳು. ಕೋಣೆಯಿಂದ ಕೋಣೆಗೆ ಹೋಗಿ, ಬಾಗಿಲ ಹಿಂದೆ, ಮಂಚದ ಕೆಳಗೆ ಬಗ್ಗಿ ಬಗ್ಗಿ ನೋಡಿದಳು.

"ಏನು ಹುಡುಕ್ತಿದೀರಿ ಅಕ್ಕಾ?" ವಿಮಲ ಕೇಳಿದಳು.

"ಮಗು. ಮಗು ಎಲ್ಲಿ? ಯಾರ ಹತ್ರ ಬಿಟ್ಟುಬಂದೆ ನಾನು?"

"ನಾನಿಲ್ಲೇ ಇದೀನಲ್ಲ ಅಕ್ಕಾ. ನಾನೇ ಕಿಟ್ಟಿ." ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣಲ್ಲಿ ಭಯ ತುಂಬಿಕೊಂಡಿತು. ಮಗುವನ್ನು ಕದ್ದವನೇ ಬಂದು ನಾನೇ ಮಗು ಎಂದರೆ ಹೇಗಿರುತ್ತದೋ ಹಾಗೆ. ಕೈ ಕಿತ್ತುಕೊಂಡು ಬೀದಿಗೆ ಓಡಿದಳು. "ಕಿಟ್ಟೀ" ಎಂದು ಕೂಗುತ್ತಾ ಹೋದಳು. ನನ್ನ ಹೆಸರನ್ನೇ ಕೂಗುತ್ತಾ ನನ್ನಿಂದ ತಪ್ಪಿಸಿಕೊಂಡು ಓಡುತ್ತಿದ್ದ ಅಕ್ಕನ ಹಿಂದೆ ನಾನು ಓಡಿದೆ. ಹಬ್ಬದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ನೋಡಿದರು.

ಹಬ್ಬದಡಿಗೆ ಮುಟ್ಟದೆ ಸಂಜೆಗೆ ಮೊದಲೇ ಹಿಂತಿರುಗಿದೆವು. ದಾರಿಯುದ್ದಕ್ಕೂ ಅಕ್ಕ ಅಳುತ್ತಿದ್ದಳು, ಸದ್ದಿಲ್ಲದೆ, ಸೆರಗು ಬಾಯಿಗಿಟ್ಟುಕೊಂಡು. ಗೇಟಿನಲ್ಲಿ ಸುಶೀಲ ಓಡಿಬಂದು ಕೈ ಹಿಡಿದಳು. "ಬಂದ್ಬುಟ್ರಾ ಟೀಚರ್ರೇ, ಬನ್ನಿ ಬನ್ನಿ, ಕಾಪಿ ಆಗೈತೆ" ಎಂದಳು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ನಾವು ಹೇಳಿರಲಿಲ್ಲವೇ ಎನ್ನುವ ಮುಖ ಕೂಡ ಮಾಡಲಿಲ್ಲ. ಆ ಮನೆಗೆ ನಾನು ಋಣಿಯಾಗಿರುವುದು ಬೇರೆ ಎಲ್ಲಕ್ಕಿಂತ ಹೆಚ್ಚಾಗಿ ಆ ಸಂಜೆಗೆ.

ಗೌಡರು ಜಗಲಿಯಲ್ಲಿ ಕೂತಿದ್ದರು. ನಾನು ಸುಶೀಲಳನ್ನು ಕೇಳಿದೆ. "ಇವರು ಅಕ್ಕನ್ನ ಕೇಳಿದ್ರಾ?"

"ಇಲ್ಲ ಸಾ. ಎಲ್ಡ್ ಒಬ್ಬಟ್ಟು ತಿಂದು ಮಲೀಕಂಡ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನಕ್ಕ ನಿನಗಾಗಿ ಬೀದಿಯಲ್ಲಿ ಓಡಿದಳಲ್ಲೋ, ನೀನು ಒಬ್ಬಟ್ಟು ತಿಂದು ಮಲಗಿದೆಯಾ ಎಂದು ಆ ಮುದುಕನ ಭುಜ ಹಿಡಿದು ಅಲುಗಿಸಬೇಕೆನಿಸಿತು. ಅಷ್ಟರಲ್ಲಿ ಅಕ್ಕ ಅವರನ್ನು ನೋಡಿದಳು. ಹೋಗಿ ಪಕ್ಕದಲ್ಲಿ ಕೂತು, ಅವರ ಅಂಗಿಯ ಗುಂಡಿ ಹಾಕಿದಳು. "ಸ್ವಲ್ಪ ತಡ ಆಯ್ತು ಕಣೋ" ಎಂದಳು. ಗೌಡರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅಕ್ಕನಿಗೆ ಅದು ಬೇಕಾಗಿಯೂ ಇರಲಿಲ್ಲ. ಗುಂಡಿ ಹಾಕಲು ಒಂದು ಅಂಗಿ ಸಿಕ್ಕಿತ್ತು.

ಅಂದಿನಿಂದ ನಾನು ಕಿಟ್ಟಿಯಾಗಲು ಹೋಗುವುದನ್ನು ಬಿಟ್ಟೆ. ಹೋಗಿ ಎದುರಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಪ್ಯಾಂಟು, ಕನ್ನಡಕ, ಬ್ಯಾಗು ನೋಡಿ ಅಕ್ಕ ನನ್ನನ್ನು ಸ್ಕೂಲ್ ಇನ್‌ಸ್ಪೆಕ್ಟರ್ ಎಂದುಕೊಂಡಳು. ಇನ್‌ಸ್ಪೆಕ್ಟರಿಗೆ ಅವಳು ಮರ್ಯಾದೆ ಕೊಡುತ್ತಿದ್ದಳು, ಮಾತಾಡುತ್ತಿದ್ದಳು. ಹೆಚ್ಚಿನ ಮಾತು ಕಿಟ್ಟಿಯ ಬಗ್ಗೆಯೇ. ಅವನಿಗೆ ಸಿಡುಬು ಎದ್ದದ್ದು, ಬಾವಿಯ ಹತ್ತಿರ ಹೋಗದಂತೆ ಕಾಲಿಗೆ ದಾರ ಕಟ್ಟಿ ಕೂರಿಸುತ್ತಿದ್ದದ್ದು, ನನಗೇ ಗೊತ್ತಿಲ್ಲದ ನನ್ನ ಕಥೆಗಳು. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ನೀವು ಮದುವೆ ಯಾಕೆ ಆಗಲಿಲ್ಲಮ್ಮ?"

ಅಕ್ಕ ಗೌಡರ ಕಡೆ ನೋಡಿದಳು. ಅವರು ತೂಕಡಿಸುತ್ತಿದ್ದರು. ಧ್ವನಿ ತಗ್ಗಿಸಿದಳು.

"ಚನ್ನರಾಯಪಟ್ಟಣದಿಂದ ಒಂದು ಗಂಡು ಬಂದಿತ್ತು ಸಾರ್. ತಾಲ್ಲೂಕು ಕಚೇರೀಲಿ ಕೆಲಸ. ನೋಡೋಕೆ ಲಕ್ಷಣವಾಗಿದ್ರು. ನನಗೂ ಇಷ್ಟ ಆಗಿತ್ತು, ಸುಳ್ಳು ಯಾಕೆ ಹೇಳ್ಲಿ? ಅವರಮ್ಮ ಅಡಿಗೆಮನೆಗೆ ಬಂದು, ಆ ಹುಡುಗನ್ನ ಎಲ್ಲಾದ್ರೂ ವೇದಪಾಠಶಾಲೆಗೆ ಸೇರಿಸ್ಬಿಡು, ನೀನು ಬರುವಾಗ ಅವನು ಬರಕೂಡದು ಅಂದ್ರು. ಇವನು ಬಾಗಿಲ ಹತ್ರಾನೇ ನಿಂತಿದ್ದ, ಕೈಯಲ್ಲಿ ಕೋಡುಬಳೆ ಹಿಡ್ಕೊಂಡು. ನಾನು ಅಪ್ಪಂಗೆ ಹೇಳ್ಬಿಟ್ಟೆ, ಬೇಡ ಅಂತ."

"ಬೇಜಾರಾಗಲಿಲ್ವೆ?"

"ಆಗ್ದೆ ಇರುತ್ಯೆ? ಒಂದಷ್ಟು ದಿನ ಇವನ ಮುಖ ಕಂಡ್ರೆ ಸಿಟ್ಟು ಬರ್ತಿತ್ತು. ಮಾತೇ ಆಡಿಸ್ತಿರಲಿಲ್ಲ. ಆಮೇಲೆ ಇವನಿಗೆ ಜ್ವರ ಬಂತು. ರಾತ್ರಿಯೆಲ್ಲ ಅಕ್ಕಾ ಅಕ್ಕಾ ಅಂತ ಕನವರಿಸ್ತಿದ್ದ. ಎಲ್ಲಿ ಸಿಟ್ಟು, ಏನು ಕಥೆ!" ಅವಳು ನನ್ನ ಕಡೆ ಬಗ್ಗಿದಳು. "ಇವನಿಗೆ ಹೇಳಬೇಡಿ ಸಾರ್. ಚಿಕ್ಕ ಹುಡುಗ, ನೊಂದ್ಕೋತಾನೆ."

"ಹೇಳಲ್ಲಮ್ಮ," ಎಂದೆ.

ಗೌಡರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

ಬಸ್ಸಿನಲ್ಲಿ ಯೋಚಿಸಿದೆ. ಕಿಟ್ಟಿಯಾಗಿದ್ದಿದ್ದರೆ ಈ ಮಾತು ನನಗೆ ಎಂದೂ ಸಿಗುತ್ತಿರಲಿಲ್ಲ. ನೊಂದುಕೊಳ್ಳುತ್ತಾನೆಂದು ಅವಳು ಸಾಯುವವರೆಗೆ ಮುಚ್ಚಿಡುತ್ತಿದ್ದಳು. ಇದೇನೋ ದೊಡ್ಡ ಸಮಾಧಾನ ಎಂದುಕೊಂಡೆ. ಆದರೆ ಬಸ್ಸು ಊರು ತಲುಪುವಷ್ಟರಲ್ಲಿ ಹಳೆಯ ಉರಿ ತಿರುಗಿ ಬಂದಿತ್ತು, ಈ ಸಲ ಗೌಡರ ಮೇಲಲ್ಲ. ಬಾಗಿಲಲ್ಲಿ ಕೋಡುಬಳೆ ಹಿಡಿದು ನಿಂತಿದ್ದ ಆ ಹುಡುಗನ ಮೇಲೆ. ಒಬ್ಬಳು ಹೆಣ್ಣುಮಗಳು ಅವನಿಗಾಗಿ ಇಷ್ಟವಾದ ಗಂಡನ್ನು ಬೇಡವೆಂದಳು, ಅವನು ಆರಾಮಾಗಿ ತಿನ್ನುತ್ತಾ ನಿಂತಿದ್ದ. ಅಷ್ಟು ಪ್ರೀತಿ ಪಡೆದವನು ನಾನೇ ಎಂದು ನಂಬುವುದು ನನಗೆ ಆಗಲಿಲ್ಲ. ಅದೃಷ್ಟವಂತ ಎಂದು ಅವನನ್ನು ಕಂಡು ಕರುಬಿದೆ.

ಮತ್ತೆರಡು ವರ್ಷಕ್ಕೆ ಅಕ್ಕ ಹಾಸಿಗೆ ಹಿಡಿದಳು. ಮಾತು ನಿಂತಿತು. ಗೌಡರನ್ನು ಹತ್ತಿರ ತಂದು ಕೂರಿಸಿದರೂ ಕಣ್ಣು ಅವರ ಮೇಲೆ ನಿಲ್ಲುತ್ತಿರಲಿಲ್ಲ. ನಂಜಮ್ಮ ಗಂಡನ ಭುಜ ತಟ್ಟಿ, "ನಿಮ್ ಕಾಲ್ವೂ ಮುಗೀತು ಕಣ ಗೌಡ್ರೇ" ಎಂದರು. ಸಂತೋಷದಿಂದ ಹೇಳಿದ್ದಲ್ಲ. ಅವರ ಕಣ್ಣು ಒದ್ದೆಯಾಗಿತ್ತು. ಕಾಲಿಗೆ ಹುಣ್ಣಾಗದಂತೆ, ಬೆನ್ನು ಉರಿಯದಂತೆ ಅಕ್ಕನನ್ನು ಸುಶೀಲ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದಳು. ಚಮಚದಲ್ಲಿ ಗಂಜಿ ಹಾಕಿ ಗಂಟಲು ಸವರುತ್ತಿದ್ದಳು. ಈಗ ಯಾರೂ ಕಿಟ್ಟಿಯಲ್ಲ, ಇನ್ನು ನನ್ನ ಸರದಿ ಬರಬಹುದು ಎಂದು ನಾನು ಹಾಸಿಗೆಯ ಪಕ್ಕ ಕೂತು ಕಾಯುತ್ತಿದ್ದೆ. ಬರಲಿಲ್ಲ.

ಒಂದು ಬೆಳಗ್ಗೆ ರೇವತಿ ಮೇಡಂ ಫೋನ್ ಮಾಡಿದರು. "ಉಸಿರು ಕಷ್ಟ ಆಗ್ತಿದೆ ಸಾರ್, ಇಬ್ಬರೂ ಬನ್ನಿ." ಸಿಕ್ಕ ಬಸ್ಸು ಹತ್ತಿದೆವು. ಗೇಟಿನಲ್ಲಿ ಅವರೇ ನಿಂತಿದ್ದರು. ಮುಖ ನೋಡಿದ ಕೂಡಲೇ ತಿಳಿಯಿತು. ನೀವು ಆಗಷ್ಟೇ ಬಸ್ಸು ಹತ್ತಿರಬಹುದು, ಆ ಹೊತ್ತಿಗೇ ಹೋದರು ಎಂದರು.

ಒಳಗೆ ಕಿಟಕಿ ತೆರೆದಿತ್ತು. ಅಕ್ಕನ ಮುಖ ತೊಳೆದು ಕುಂಕುಮವಿಟ್ಟಿದ್ದರು. ಸುಶೀಲ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅಕ್ಕನ ಬಲಗೈ ಅವಳ ಎರಡೂ ಕೈಗಳ ನಡುವೆ ಇತ್ತು. ಕೊನೆಗಳಿಗೆಯಲ್ಲೂ ಇನ್ನೊಬ್ಬರ ಕೈ ಎಂದು ಅನಿಸಿಯೇಬಿಟ್ಟಿತು. ಅಲ್ಲೂ ಅದು ನನ್ನನ್ನು ಬಿಡಲಿಲ್ಲ.

ಸುಶೀಲ ಎದ್ದು ನಿಲ್ಲಲಿಲ್ಲ. "ಕೈ ಇಡ್ಕಂಡೇ ಇದ್ರು ಸಾ, ಉಸ್ರು ಓಗಗಂಟ. ನೀವ್ ಬರಗಂಟ ಬುಡ್ಬಾರ್ದು ಅಂತ ನಾನೂ ಅಂಗೇ ಕುಂತಿವ್ನಿ. ಬನ್ನಿ, ನೀವ್ ತಗಳಿ."

ಅವಳು ಜಾಗ ಬಿಟ್ಟಳು. ಅಕ್ಕನ ಕೈಯನ್ನು ನನ್ನ ಕೈಯಲ್ಲಿಟ್ಟಳು. ಹಣೆ ತಣ್ಣಗಾಗಿತ್ತು, ಕೆನ್ನೆ ತಣ್ಣಗಾಗಿತ್ತು. ಆ ಕೈ ಮಾತ್ರ ಬೆಚ್ಚಗಿತ್ತು. ಅದು ಅಕ್ಕನ ಬಿಸುಪಲ್ಲ, ಸುಶೀಲಳದು ಎಂದು ನನಗೆ ಗೊತ್ತಿತ್ತು. ಅದು ಆರುವವರೆಗೆ ಹಿಡಿದುಕೊಂಡು ಕೂತಿದ್ದೆ.